ಖನಿಜದ ಲೆಕ್ಕ: ಮಾತ್ರೆಗೆ ಮೊದಲು ತೂಗಿ ನೋಡಬೇಕಾದದ್ದು

ನೀರು ಶುದ್ಧೀಕರಿಸುವ ಯಂತ್ರ ಮಾರಲು ಮನೆ ಬಾಗಿಲಿಗೆ ಬರುವವರಲ್ಲಿ ಕೆಲವರು ಒಂದು ಪ್ರಯೋಗ ಮಾಡಿ ತೋರಿಸುತ್ತಾರೆ. ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಹಾಯಿಸಿದರೆ ಒಂದೆರಡು ನಿಮಿಷದಲ್ಲೇ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೆಸರಿನಂಥ ನೊರೆ ಕಟ್ಟುತ್ತದೆ. ಆರ್‌ಒ ನೀರು ಇದ್ದ ಹಾಗೇ ಇರುತ್ತದೆ. ಇಷ್ಟು ದಿನ ಕುಡಿದದ್ದು ಇದನ್ನೇ ಎಂದು ಹೇಳಿಸಿಕೊಂಡ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಆ ಕೊಳೆ ನೀರಿನಲ್ಲಿ ಇದ್ದದ್ದೇ ಅಲ್ಲ. ಕರಗಿದ ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಡ್ಡಿಯ ಕಬ್ಬಿಣ ಕರಗಿ ತುಕ್ಕಾಗಿ ಮೇಲೇಳುತ್ತದೆ. ಆರ್‌ಒ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ವಿದ್ಯುತ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ನೀರಿನಲ್ಲಿ ಖನಿಜ ಇದೆ ಎಂಬುದನ್ನಷ್ಟೇ ತೋರಿಸುವ ಪ್ರಯೋಗ, ನೀರು ವಿಷ ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಯಂತ್ರ ಕೂರಿಸಿ ವರ್ಷ ಕಳೆಯುವಷ್ಟರಲ್ಲಿ ಅದೇ ಮನೆಗೆ ಇನ್ನೊಂದು ಹೆದರಿಕೆ ಬರುತ್ತದೆ: ಆರ್‌ಒ ನೀರಿನಿಂದ ಖನಿಜವೆಲ್ಲ ಹೋಗಿ ಮೂಳೆ ಸವೆಯುತ್ತಿದೆ, ಕ್ಯಾಲ್ಸಿಯಂ ಮಾತ್ರೆ ನುಂಗಿ, ಮಲ್ಟಿವಿಟಮಿನ್ ತೆಗೆದುಕೊಳ್ಳಿ.

ಹೆಚ್ಚಾಯಿತು ಎಂದು ಒಬ್ಬರು, ಕಡಿಮೆಯಾಯಿತು ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ಒಂದೇ ತಪ್ಪಿದೆ. ಖನಿಜಗಳನ್ನು ಬಿಡಿಬಿಡಿಯಾಗಿ ಎಣಿಸಿ, ಇಲ್ಲದ್ದನ್ನು ತುಂಬುವ, ಇದ್ದದ್ದನ್ನು ಸೋಸುವ ಸರಕಿನಂತೆ ಕಾಣುವುದೇ ಆ ತಪ್ಪು. ದೇಹದೊಳಗೆ ಖನಿಜಗಳು ಬಿಡಿಯಾಗಿ ಕೆಲಸ ಮಾಡುವುದಿಲ್ಲ. ಸೋಡಿಯಂ ಹೆಚ್ಚಾದರೆ ಪೊಟ್ಯಾಸಿಯಂ ಜೊತೆಗಿನ ಸಮತೋಲ ಕೆಡುತ್ತದೆ, ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಮೆಗ್ನೀಸಿಯಂ ಕುಸಿದರೆ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಎರಡೂ ಕುಸಿಯುತ್ತವೆ. ಸತುವನ್ನು ತಿಂಗಳುಗಟ್ಟಲೆ ಹೆಚ್ಚಾಗಿ ನುಂಗಿದರೆ ತಾಮ್ರ ಬರಿದಾಗುತ್ತದೆ. ಹಾಗಾಗಿ ಮಾತ್ರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಏನು ಸೇರಿಸಲಿ’ ಎಂಬುದಲ್ಲ, ‘ಯಾವುದರ ಎದುರು ಯಾವುದು ತಪ್ಪಿದೆ, ಏಕೆ ತಪ್ಪಿದೆ’ ಎಂಬುದು. ಬೆಂಗಳೂರಿನ ಪಶ್ಚಿಮ ಭಾಗದ ಬಹುತೇಕ ಮನೆಗಳ ಮಟ್ಟಿಗೆ ಇದರ ಉತ್ತರ ನೀರಿನ ಕ್ಯಾನಿನಲ್ಲೂ ಇಲ್ಲ, ಮಾತ್ರೆಯ ಡಬ್ಬಿಯಲ್ಲೂ ಇಲ್ಲ. ಉಪ್ಪಿನ ಪೊಟ್ಟಣ, ತಟ್ಟೆಯ ಪದಾರ್ಥ, ಮತ್ತು ದಿನವೂ ನುಂಗುವ ಬಿ.ಪಿ., ಗ್ಯಾಸ್ ಮಾತ್ರೆಗಳಲ್ಲಿದೆ.

ನೀರಿನ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಜ್ಞಾನಭಾರತಿಯ ಸುತ್ತ ಹೆಚ್ಚು ಚರ್ಚೆಯಾಗುವುದು ಅದೇ. ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮಿಕ್ಕಿದ ಆವರಣವನ್ನು ಬಿಟ್ಟರೆ ಉಳ್ಳಾಲು, ಮಲ್ಲತ್ತಹಳ್ಳಿ, ನಾಗರಬಾವಿ, ಕೆಂಗೇರಿ ಕಡೆಯೆಲ್ಲ ಬಡಾವಣೆಗಳು ಬೆಳೆದದ್ದು ಬಹುಮಟ್ಟಿಗೆ ಬೋರ್‌ವೆಲ್ ನಂಬಿಕೊಂಡು. 2007ರಲ್ಲಿ ಪಾಲಿಕೆಗೆ ಸೇರಿದ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೂ, ಈಗಲೂ ಎಷ್ಟೋ ಬೀದಿಗಳಲ್ಲಿ, ಒಂದೇ ಸಂಪಿಗೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬಂದು ಬೀಳುತ್ತವೆ. ಗ್ರಾನೈಟ್, ನೈಸ್ ಬಂಡೆಗಳ ಬಿರುಕಿನಲ್ಲಿ ನಿಂತ ನೀರು ಗಡಸಾಗಿರುವುದು ಇಲ್ಲಿ ಸಾಮಾನ್ಯ. ಪಾತ್ರೆಯ ಮೇಲಿನ ಬಿಳಿ ಕಲೆ, ಗೀಸರ್‌ನ ಕಾಯಿಲ್‌ಗೆ ಕಟ್ಟುವ ಹುಡಿ ಎಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ. ಗೀಸರ್‌ಗೆ ಅದು ಕೇಡು. ದೇಹಕ್ಕೆ ಕೇಡಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಕರಗಿದ ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೂ ಸಹಿಸಬಹುದು. ಗಡಸುತನಕ್ಕೆ ಇದೇ ಮಿತಿ 200 ಮತ್ತು 600. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರಕ್ಕೆ ಸೂಚಿಸಿತ್ತು. ಬರೀ ಕಾವೇರಿ ನೀರು ಬರುವ ಮನೆಗೆ ಆರ್‌ಒ ಬೇಕಿಲ್ಲ. ಸೋಸಿ ಕುದಿಸಿದರೆ ಅಥವಾ ಯುವಿ ಫಿಲ್ಟರ್ ಇದ್ದರೆ ಸಾಕು.

ಹಾಗಾದರೆ ಆರ್‌ಒ ನೀರು ಕುಡಿಯುವವರ ಮೂಳೆ ಸವೆಯುತ್ತದೆಯೇ? ಲೆಕ್ಕ ಹಾಕಿದರೆ ತಿಳಿಯುತ್ತದೆ. ಲೀಟರಿಗೆ 50 ಮಿ.ಗ್ರಾಂ. ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಸಿಗುವುದು 100 ಮಿ.ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000 ಮಿ.ಗ್ರಾಂ. ನೀರು ಕೊಡುವುದು ಅದರಲ್ಲಿ ಹತ್ತನೇ ಒಂದು ಪಾಲು. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 360 ಮಿ.ಗ್ರಾಂ. ಇರುತ್ತದೆ. ನೀರಿನ ಖನಿಜ ಬೇಡವೆಂದಲ್ಲ, ಇದ್ದರೆ ಒಳ್ಳೆಯದೇ. ಊಟ ಸರಿಯಿದ್ದವರಿಗೆ ಆರ್‌ಒ ನೀರಿನಿಂದ ಕೊರತೆ ಬರುವುದಿಲ್ಲ, ಊಟ ಸರಿಯಿಲ್ಲದವರನ್ನು ಬೋರ್‌ವೆಲ್ ನೀರು ಕಾಪಾಡುವುದೂ ಇಲ್ಲ. ಆರ್‌ಒ ನಿಜವಾಗಿ ಬೇಕಾಗುವ ಸಂದರ್ಭಗಳಿವೆ. ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳಲ್ಲಿ ಫ್ಲೋರೈಡ್ ಮಿತಿ ಮೀರಿದ ನೀರು ಕುಡಿದು ಹಲ್ಲು ಕರೆಗಟ್ಟಿ ಮೂಳೆ ಬಿಗಿದುಕೊಂಡವರಿದ್ದಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದವರಲ್ಲಿ ಫ್ಲೋರೈಡಿನ ಹಾವಳಿ ಇನ್ನೂ ಜಾಸ್ತಿ. ವೃಷಭಾವತಿಯಂಥ ಕೊಳಚೆ ಹೊತ್ತ ಹೊಳೆಯ ಬದಿಯ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಪ್ರಶ್ನೆಯಿದೆ. ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ., ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಟಿಡಿಎಸ್ ಮೀಟರು ಇವೆರಡನ್ನೂ ತೋರಿಸದು. ಬೋರ್‌ವೆಲ್ ನೀರು ಕುಡಿಯುವವರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಮತ್ತು ರೋಗಾಣುಗಳ ಪರೀಕ್ಷೆ ಮಾಡಿಸಿ ಆಮೇಲೆ ಯಂತ್ರದ ಮಾತಾಡುವುದು ಒಳ್ಳೆಯದು.

ಈಗ ದೇಹದ ಒಳಗಿನ ಲೆಕ್ಕ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೊ ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ಶೇ 99 ಮೂಳೆ, ಹಲ್ಲುಗಳಲ್ಲಿ. ಪೊಟ್ಯಾಸಿಯಂನ ಶೇ 98 ಜೀವಕೋಶಗಳ ಒಳಗೆ. ಮೆಗ್ನೀಸಿಯಂ 25 ಗ್ರಾಂ ಇದ್ದರೂ ರಕ್ತದಲ್ಲಿ ಓಡಾಡುವುದು ಶೇ 1ಕ್ಕಿಂತ ಕಡಿಮೆ. ನಾವು ಲ್ಯಾಬ್‌ನಲ್ಲಿ ಅಳೆಯುವುದು ರಕ್ತದಲ್ಲಿರುವ ಆ ಚೂರನ್ನು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ತಿಳಿಯಲು ಜೇಬು ತಡಕಿದ ಹಾಗೆ ಇದು. ಜೇಬಿನಲ್ಲಿ ಸದಾ ಇಂತಿಷ್ಟು ಇರಲೇಬೇಕು ಎಂದು ದೇಹ ಪಟ್ಟು ಹಿಡಿದಿರುತ್ತದೆ, ಏಕೆಂದರೆ ಹೃದಯ ಬಡಿಯುವುದು, ಸ್ನಾಯು ಕುಗ್ಗುವುದು ಆ ಮಟ್ಟದ ಮೇಲೆ ನಿಂತಿದೆ. ರಕ್ತದ ಕ್ಯಾಲ್ಸಿಯಂ ಕೊಂಚ ಇಳಿದರೂ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ತುಂಬಿಸುತ್ತವೆ. ಮೂಳೆ ಟೊಳ್ಳಾಗುತ್ತಿದ್ದರೂ ವರದಿಯಲ್ಲಿ ಸಹಜ ಮಟ್ಟವಾದ 9.2 ಎಂದು ಅಚ್ಚಾಗಿರಬಹುದು. ಇದರಿಂದ ಎರಡು ತೀರ್ಮಾನಕ್ಕೆ ಬರಬಹುದು. ರಕ್ತದ ಕ್ಯಾಲ್ಸಿಯಂ ಸರಿಯಿದೆ ಎಂದ ಮಾತ್ರಕ್ಕೆ ಊಟ ಸರಿಯಿದೆ ಎನ್ನಲಾಗದು. ಇನ್ನೊಂದು, ಇದು ಹೆಚ್ಚು ಮುಖ್ಯ: ಇಷ್ಟು ಬಿಗಿಯಾಗಿ ಕಾಯುವ ಮಟ್ಟವೇ ತಪ್ಪಿದೆ ಎಂದರೆ ಕಾರಣ ಸಾಮಾನ್ಯವಾಗಿ ಊಟವಲ್ಲ, ಕಿಡ್ನಿ, ಹಾರ್ಮೋನ್, ಔಷಧ ಅಥವಾ ವಾಂತಿಭೇದಿ. ಆರೋಗ್ಯ ಶಿಬಿರಗಳಲ್ಲಿ ಕೈಗೆ ಒಂದು ಕಡ್ಡಿ ಹಿಡಿಸಿ, ಕಂಪ್ಯೂಟರಿನಿಂದ ಮೂವತ್ತು ಖನಿಜಗಳ ಪಟ್ಟಿ ಮುದ್ರಿಸಿ ಕೊಡುವ ಯಂತ್ರಗಳಿವೆ. ರಕ್ತವನ್ನೇ ತೆಗೆಯದೆ ದೇಹದ ಸತು, ಸೆಲೆನಿಯಂ ಹೇಳುವ ಆ ಕಾಗದಕ್ಕೆ ವೈಜ್ಞಾನಿಕ ಬೆಲೆ ಇಲ್ಲ. ಅದನ್ನು ನಂಬಿ ಮಾತ್ರೆ ಕೊಳ್ಳಬೇಡಿ.

ನಮ್ಮ ನಡುವಿನ ಅತಿ ದೊಡ್ಡ ಅಸಮತೋಲ ಯಾವುದು ಎಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂನದು. ಬೆಂಗಳೂರಿನಲ್ಲೇ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ರಾಷ್ಟ್ರೀಯ ಸಮೀಕ್ಷೆಯ ಮಾದರಿಗಳಿಂದ ಲೆಕ್ಕ ಹಾಕಿ 2023ರಲ್ಲಿ ಪ್ರಕಟಿಸಿದ ಪ್ರಕಾರ ಭಾರತೀಯ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ, ಒಂದು ಟೀ ಚಮಚ. ಇದನ್ನು ಮನೆಯಲ್ಲೇ ಅಳೆಯಬಹುದು. ನಾಲ್ವರು ದೊಡ್ಡವರಿರುವ ಮನೆಯಲ್ಲಿ ಒಂದು ಕೆ.ಜಿ. ಉಪ್ಪಿನ ಪೊಟ್ಟಣ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು, ಅದೂ ಹೊರಗೆ ತಿಂದದ್ದನ್ನು ಬಿಟ್ಟು. ಕಾಂಡಿಮೆಂಟ್ಸ್‌ನಿಂದ ತಂದ ನಿಪ್ಪಟ್ಟು, ಕೋಡುಬಳೆ, ಬೇಕರಿಯ ಖಾರಾ ಬನ್, ದರ್ಶಿನಿಯ ಸಾಂಬಾರ್, ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರ ಮೇಲಿನದು. ಪೊಟ್ಟಣದ ತಿಂಡಿಯ ಹಿಂಬದಿಯಲ್ಲಿ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. 400 ಮಿ.ಗ್ರಾಂ. ಸೋಡಿಯಂ ಎಂದರೆ 1 ಗ್ರಾಂ ಉಪ್ಪು. 100 ಗ್ರಾಂಗೆ 800 ಎಂದಿದ್ದರೆ 100 ಗ್ರಾಂ ಪೊಟ್ಟಣ ಮುಗಿಸಿದವರು 2 ಗ್ರಾಂ ಉಪ್ಪು ತಿಂದ ಹಾಗಾಯಿತು. ಇನ್ನೊಂದು ಕಡೆ ಪೊಟ್ಯಾಸಿಯಂ ದಿನಕ್ಕೆ 3,500 ಮಿ.ಗ್ರಾಂ. ಬೇಕು. ಅದು ಸಿಗುವುದು ಸೊಪ್ಪು, ಹುರುಳಿ, ಹೆಸರು, ಅವರೆ, ಬಾಳೆಹಣ್ಣು, ಎಳನೀರಿನಲ್ಲಿ. ಬಿಳಿ ಅನ್ನ, ಮೈದಾದಲ್ಲಿ ಬಹಳ ಕಡಿಮೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ಐದು ವರ್ಷದ ಹತ್ತಿರ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಡುಗೆ ಉಪ್ಪಿನ ಕಾಲು ಭಾಗದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದಾಗ ಪಾರ್ಶ್ವವಾಯು ಶೇ 14 ಇಳಿಯಿತು. ಊಟ ಬದಲಾಗಲಿಲ್ಲ, ಎರಡು ಖನಿಜಗಳ ಪಾಲು ಬದಲಾಯಿತು, ಅಷ್ಟೇ.

ಇದಕ್ಕೆ ಬರುವ ಆಕ್ಷೇಪಣೆ ಎಲ್ಲರಿಗೂ ಗೊತ್ತಿರುವುದೇ: ನಮ್ಮ ಅಜ್ಜ ಅಜ್ಜಿಯರು ಉಪ್ಪು ಹಿಡಿಯಷ್ಟು ತಿಂದು ಗಟ್ಟಿಯಾಗಿರಲಿಲ್ಲವೇ? ಅವರು ಬಿಸಿಲಲ್ಲಿ ದುಡಿದು ಬೆವರಿನಲ್ಲಿ ಉಪ್ಪು ಕಳೆಯುತ್ತಿದ್ದರು, ಮುದ್ದೆಯ ಜೊತೆ ಬಸ್ಸಾರು, ಹುರುಳಿ ಸಾರು, ಉಪ್ಪೆಸರು ಎಂದು ಸೊಪ್ಪು ಕಾಳು ಧಾರಾಳವಾಗಿ ತಿನ್ನುತ್ತಿದ್ದರು. ಸೋಡಿಯಂಗೆ ಎದುರಾಗಿ ಪೊಟ್ಯಾಸಿಯಂ ಇತ್ತು. ಜೊತೆಗೆ, ಲಕ್ವ ಹೊಡೆದು ಹೋದ ಅಜ್ಜಂದಿರ ಬಿ.ಪಿ.ಯನ್ನು ಆಗ ಯಾರೂ ನೋಡಿರಲಿಲ್ಲ ಎಂಬುದನ್ನೂ ಮರೆಯಬಾರದು. ಉಪ್ಪು ಕಡಿಮೆ ಮಾಡುವ ಬದಲು ಬಣ್ಣ ಬದಲಾಯಿಸುವವರೂ ಇದ್ದಾರೆ. ಗುಲಾಬಿ ಬಣ್ಣದ ಸೈಂಧವ ಲವಣದಲ್ಲಿ ಎಂಬತ್ತಕ್ಕೂ ಹೆಚ್ಚು ಖನಿಜಗಳಿವೆ ಎಂಬ ಜಾಹೀರಾತು ಸುಳ್ಳಲ್ಲದಿರಬಹುದು, ಆದರೆ ಅದರಲ್ಲೂ ಶೇ 97ರಷ್ಟು ಸೋಡಿಯಂ ಕ್ಲೋರೈಡ್‌ನದೇ. ಉಳಿದವು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ಅಯೋಡಿನ್ ಮಾತ್ರ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕಮಗಳೂರಿನಂಥ ಮಲೆನಾಡಿನ ಜಿಲ್ಲೆಗಳಲ್ಲಿ ಗಳಗಂಡ ಕಾಡುತ್ತಿತ್ತು ಎಂಬುದೂ, ಅಯೋಡಿನ್ ಬೆರೆಸದ ಉಪ್ಪಿನ ಮಾರಾಟಕ್ಕೆ 2006ರಲ್ಲಿ ಮತ್ತೆ ದೇಶದಾದ್ಯಂತ ನಿಷೇಧ ಬಂತು ಎಂಬುದೂ ನೆನಪಿರಬೇಕು. ಮನೆಯಲ್ಲಿ ಗರ್ಭಿಣಿ ಇದ್ದರಂತೂ ಅಯೋಡಿನ್ ಉಪ್ಪು ಬಿಡುವ ಪ್ರಯೋಗ ಬೇಡವೇ ಬೇಡ. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆ ಅದನ್ನು ನಂಬಿಕೊಂಡಿದೆ.

ಕ್ಯಾಲ್ಸಿಯಂ ಬಗ್ಗೆ ಇರುವಷ್ಟು ತಲೆಕೆಳಗಾದ ತಿಳಿವಳಿಕೆ ಬೇರೆ ಯಾವ ಖನಿಜದ ಬಗ್ಗೆಯೂ ಇಲ್ಲ. ಬೋರ್‌ವೆಲ್ ನೀರಿನಿಂದ ಕಿಡ್ನಿ ಕಲ್ಲಾಗುತ್ತದೆ, ಕಲ್ಲಾದವರು ಹಾಲು, ರಾಗಿ ಬಿಡಬೇಕು ಎಂಬ ಮಾತು ಓಣಿ ಓಣಿಯಲ್ಲಿ ಕೇಳುತ್ತದೆ. ಇಟಲಿಯಲ್ಲಿ ಮತ್ತೆ ಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿದ, 2002ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸರಿ ಎದುರಾದದ್ದನ್ನು ತೋರಿಸಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ ಗುಂಪಿಗಿಂತ, ಕ್ಯಾಲ್ಸಿಯಂ ಎಂದಿನಂತೆ ತಿಂದು ಉಪ್ಪನ್ನೂ ಮಾಂಸವನ್ನೂ ತಗ್ಗಿಸಿದವರಲ್ಲಿ ಕಲ್ಲು ಮರುಕಳಿಸುವ ಸಾಧ್ಯತೆ ಅರ್ಧಕ್ಕರ್ಧ ಇಳಿದಿತ್ತು. ಕಾರಣ ಸರಳ. ಊಟದ ಕ್ಯಾಲ್ಸಿಯಂ, ಕಲ್ಲಿಗೆ ಕಾರಣವಾಗುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಂಡು ಮಲದಲ್ಲಿ ಹೊರಗೆ ಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಉಪ್ಪಿನ ಕತೆಯೂ ಇಲ್ಲಿಗೆ ಬಂದು ಸೇರುತ್ತದೆ: ಸುಮಾರು 6 ಗ್ರಾಂ ಉಪ್ಪನ್ನು ಹೊರಗೆ ಹಾಕುವಾಗ ಕಿಡ್ನಿ ಅದರ ಜೊತೆ 40 ಮಿ.ಗ್ರಾಂನಷ್ಟು ಕ್ಯಾಲ್ಸಿಯಂ ಕಳೆದುಕೊಳ್ಳುತ್ತದೆ. ಕಲ್ಲಿನ ಭಯವಿದ್ದವರು ನೀರು ಹೆಚ್ಚು ಕುಡಿದು, ಉಪ್ಪು ಇಳಿಸಿ, ಆಕ್ಸಲೇಟ್ ಹೆಚ್ಚಿರುವ ಪಾಲಕ್ ಸೊಪ್ಪನ್ನು ಹಸಿಯಾಗಿ ಅರೆದು ಕುಡಿಯುವುದನ್ನು ಬಿಡಬೇಕು, ಮುದ್ದೆಯನ್ನಲ್ಲ. ಮೂಳೆಯ ಚಿಂತೆಯಿದ್ದವರಿಗೆ ರಾಗಿ, ಹಾಲು ಮೊಸರು, ಎಳ್ಳು, ನುಗ್ಗೆ ಸೊಪ್ಪು, ಹುರುಳಿ ಇವೆಲ್ಲ ಕೈಗೆಟಕುವ ಮೂಲಗಳು. ಬಿಸಿಲು ಕಾಣದೆ ಅಪಾರ್ಟ್‌ಮೆಂಟು, ಆಫೀಸುಗಳ ಒಳಗೇ ದಿನ ಕಳೆಯುವವರಲ್ಲಿ ವಿಟಮಿನ್ ಡಿ ಕಡಿಮೆಯಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟುವುದೇ ಕಷ್ಟ. ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರೆ ಊಟದ ಜೊತೆ ತೆಗೆದುಕೊಳ್ಳುವುದು ಕಲ್ಲಿನ ದೃಷ್ಟಿಯಿಂದಲೂ ಮೇಲು.

ಕಬ್ಬಿಣಾಂಶದ ವಿಷಯದಲ್ಲಿ ಮಾತ್ರ ಕೊರತೆ ನಿಜವಾಗಿಯೂ ವ್ಯಾಪಕ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚು. ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯಲ್ಲ. ಬಿ12, ಫೋಲೇಟ್ ಕೊರತೆ, ಜಂತುಹುಳು, ಹುಟ್ಟಿನಿಂದಲೇ ಬಂದ ಥಲಸೀಮಿಯಾ ಗುಣ ಇವೂ ಕಾರಣವಿರಬಹುದು. ಥಲಸೀಮಿಯಾ ಗುಣವಿದ್ದವರಿಗೆ ಕೊರತೆ ಖಚಿತವಾಗದೆ ವರ್ಷಗಟ್ಟಲೆ ಕಬ್ಬಿಣ ಕೊಡುವುದು ಸಲ್ಲದು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆ ಮಾಡಿಸಿದರೆ ದೇಹದ ಸಂಗ್ರಹ ತಿಳಿಯುತ್ತದೆ. ಸೋಂಕು, ಉರಿಯೂತ ಇಲ್ಲದ ವಯಸ್ಕರಲ್ಲಿ ಅದು 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಆದರೆ ಇಲ್ಲೂ ಬರೀ ತಿಂದ ಪ್ರಮಾಣ ನೋಡಿ ಪ್ರಯೋಜನವಿಲ್ಲ. ಸೊಪ್ಪು, ಕಾಳಿನ ಕಬ್ಬಿಣ ದೇಹಕ್ಕೆ ಹತ್ತುವುದು ಅಲ್ಪ ಪಾಲು ಮಾತ್ರ, ಆ ಪಾಲನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಪಕ್ಕದಲ್ಲಿರುವ ಪದಾರ್ಥ. ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಹೀರಿಕೆಯನ್ನು ಸುಮಾರು ಶೇ 40, ಚಹಾ ಶೇ 60ಕ್ಕೂ ಹೆಚ್ಚು ತಗ್ಗಿಸಿದ್ದು 1983ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದದ್ದು ಜೊತೆಯಲ್ಲಿ ಕುಡಿದಷ್ಟೇ ಕಡಿತ ಮಾಡಿತು. ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿದು, ತಿಂಡಿಯ ಜೊತೆ ಬಿಡುವುದು ನಮ್ಮ ರೂಢಿಗೆ ಒಗ್ಗುವ ಬದಲಾವಣೆಯೇ. ಸಾರಿಗೆ ನಿಂಬೆಹಣ್ಣು ಹಿಂಡುವುದು, ಕಾಳನ್ನು ಮೊಳಕೆ ಕಟ್ಟುವುದು, ಹಿಟ್ಟನ್ನು ಹುದುಗು ಬರಿಸಿ ಇಡ್ಲಿ ದೋಸೆ ಮಾಡುವುದು, ಇವೆಲ್ಲ ಕಬ್ಬಿಣ, ಸತುವನ್ನು ಕಟ್ಟಿಹಾಕುವ ಫೈಟೇಟನ್ನು ಒಡೆಯುವ ಅಥವಾ ಮೀರುವ ದಾರಿಗಳು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಎರಡು ಗಂಟೆಯಾದರೂ ಅಂತರ ಬೇಕು. ಕಬ್ಬಿಣದ ಮಾತ್ರೆ ಹಾಲಿನ ಜೊತೆ ಬೇಡ.

ಮಣ್ಣೇ ಬಡವಾಗಿದೆ, ಬೆಳೆಯಲ್ಲೇ ಸತ್ವವಿಲ್ಲ, ಹಾಗಾಗಿ ಮಾತ್ರೆ ಅನಿವಾರ್ಯ ಎಂದು ವಾದಿಸುವವರ ಮಾತಿನಲ್ಲಿ ಒಂದಿಷ್ಟು ಹುರುಳಿದೆ. 2009ರಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ರಾಜ್ಯ ಸರ್ಕಾರ ಆರಂಭಿಸಿದ ಭೂಚೇತನ ಯೋಜನೆಗಾಗಿ ರೈತರ ಹೊಲಗಳ ಮಣ್ಣು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತು. ಅವನ್ನು ಮಣ್ಣಿಗೆ ಕೊಟ್ಟಾಗ ಇಳುವರಿ ಏರಿತು. ದೇಶದ ಹದಿಹರೆಯದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸತುವಿನ ಕೊರತೆಯಿದೆ ಎಂದು 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯೂ ಹೇಳಿತು. ಆದರೆ ಇದರಿಂದ ಮಾತ್ರೆಯ ತೀರ್ಮಾನಕ್ಕೆ ಜಿಗಿಯಲಾಗದು. ಒಂದೇ ಹೊಲದ ಭತ್ತವನ್ನು ಪಾಲಿಶ್ ಮಾಡಿದಾಗ ಕಳೆದುಹೋಗುವ ಖನಿಜವೇ ಬಹಳ. ಮೂರು ಹೊತ್ತೂ ಅಕ್ಕಿಯನ್ನೇ ನಾನಾ ರೂಪದಲ್ಲಿ ತಿಂದು, ಕಾಳು ಸೊಪ್ಪನ್ನು ಚೂರುಪಾರು ಮಾಡಿದ ತಟ್ಟೆಯ ದೋಷವನ್ನು ಮಣ್ಣಿನ ಮೇಲೆ ಹಾಕಬಾರದು. ಕೋವಿಡ್ ಕಾಲದಲ್ಲಿ ದಿನಕ್ಕೆ 50 ಮಿ.ಗ್ರಾಂ. ಸತುವಿನ ಮಾತ್ರೆ ನುಂಗುವ ರೂಢಿ ಮಾಡಿಕೊಂಡು ಅದನ್ನೇ ಮುಂದುವರಿಸಿದವರು ಒಂದು ವಿಷಯ ತಿಳಿದಿರಬೇಕು. 40 ಮಿ.ಗ್ರಾಂ. ದಾಟಿದ ಸತು ದೀರ್ಘಕಾಲದಲ್ಲಿ ತಾಮ್ರದ ಹೀರಿಕೆಯನ್ನು ತಡೆದು ರಕ್ತಹೀನತೆ, ಕಾಲಿನ ಜೋಮು, ನಡಿಗೆಯ ತೊಂದರೆ ತರಬಲ್ಲದು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು, ಮನೆಗಳಲ್ಲಿ ಗೊತ್ತೇ ಆಗದೆ ನಡೆಯುವುದು, ಔಷಧಗಳಿಂದ ಆಗುವ ಏರುಪೇರು. ಅರವತ್ತು ದಾಟಿದವರಲ್ಲಿ ಬಿ.ಪಿ.ಗೆ ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಹಳ. ಇವು ಎಷ್ಟೋ ಸಲ ಇನ್ನೊಂದು ಔಷಧದ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ವಾಂತಿಭೇದಿಯೋ ಬೇಸಿಗೆಯೋ ಜೊತೆಗೂಡಿದರೆ ರಕ್ತದ ಸೋಡಿಯಂ 135ರ ಕೆಳಗೆ ಇಳಿಯಬಹುದು. ಮೊದಲು ಸುಸ್ತು, ವಾಕರಿಕೆ, ತೂರಾಡುವ ನಡಿಗೆ. ಆಮೇಲೆ ಮಾತು ತಪ್ಪುವುದು, ಮಂಪರು, ಫಿಟ್ಸ್. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾಗುವ ಅಪಾಯ ಇಲ್ಲಿದೆ. ಸೋಡಿಯಂ ಕಡಿಮೆ ಎಂದ ಕೂಡಲೇ ಉಪ್ಪಿನ ಗಂಜಿ ಕುಡಿಸುವುದು ಪರಿಹಾರವಲ್ಲ. ಹೆಚ್ಚಿನ ಸಲ ಉಪ್ಪು ಕಡಿಮೆಯಾದದ್ದಕ್ಕಿಂತ ನೀರು ಹೊರಗೆ ಹೋಗದೆ ನಿಂತದ್ದು ಕಾರಣವಾಗಿರುತ್ತದೆ. ಆಸ್ಪತ್ರೆಯಲ್ಲೂ ಅದನ್ನು ನಿಧಾನವಾಗಿಯೇ ಏರಿಸುತ್ತಾರೆ, ಅವಸರದಲ್ಲಿ ಏರಿಸಿದರೆ ಮೆದುಳಿಗೆ ಪೆಟ್ಟು. ಪೊಟ್ಯಾಸಿಯಂ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕಾಡುತ್ತದೆ. ಕಿಡ್ನಿ ಸೋತವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಎಳನೀರು, ಹಣ್ಣಿನ ರಸ, ಉದ್ಯಾನಗಳ ಮುಂದೆ ಮಾರುವ ಸೊಪ್ಪಿನ ಜ್ಯೂಸನ್ನು ದಿನವೂ ಕುಡಿದರೆ ಪೊಟ್ಯಾಸಿಯಂ 5.5 ದಾಟಿ ಹೃದಯದ ಲಯ ತಪ್ಪಬಹುದು. ಮೇಲೆ ಹೇಳಿದ ಪೊಟ್ಯಾಸಿಯಂ ಬೆರೆತ ಉಪ್ಪೂ ಇವರಿಗೆ ನಿಷಿದ್ಧ. ಅದನ್ನು 2025ರಲ್ಲಿ ಶಿಫಾರಸು ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯೂ ಕಿಡ್ನಿ ರೋಗಿಗಳನ್ನು ಹೊರಗಿಟ್ಟೇ ಹೇಳಿದೆ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ಆಪತ್ತು. ಇನ್ನು ಗ್ಯಾಸ್ ಮಾತ್ರೆ: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಮೆಗ್ನೀಸಿಯಂ ಕುಸಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಮೀನಖಂಡ ಹಿಡಿದುಕೊಳ್ಳುವುದು, ಕೈ ನಡುಗುವುದು, ಎದೆಬಡಿತ ತಪ್ಪುವುದು ಅದರ ಲಕ್ಷಣ. ಹೀಗೆ ಮೆಗ್ನೀಸಿಯಂ ಕುಸಿದವರಿಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಮೊದಲು ಮೆಗ್ನೀಸಿಯಂ ಸರಿಪಡಿಸಬೇಕು. ಖನಿಜಗಳನ್ನು ಬಿಡಿಯಾಗಿ ನೋಡಬಾರದು ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಇಷ್ಟೆಲ್ಲ ಪರೀಕ್ಷೆ, ಯೋಚನೆ ಮಾಡುವ ಬದಲು ದಿನಕ್ಕೊಂದು ಮಲ್ಟಿವಿಟಮಿನ್ ನುಂಗಿದರೆ ಎಲ್ಲ ಸರಿಹೋಗುವುದಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹದಿಹರೆಯದ ಹೆಣ್ಣುಮಕ್ಕಳು, ಕರುಳಿನ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತ ಖಚಿತವಾದವರು, ಇವರಿಗೆ ಮಾತ್ರೆ ಬೇಕು, ಬಿಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಕಬ್ಬಿಣದ ಮಾತ್ರೆಯನ್ನು ಗರ್ಭಿಣಿ ಹೊಟ್ಟೆ ತೊಳಸುತ್ತದೆಂದು ಎಸೆಯುವುದು ಈ ಲೇಖನ ಹೇಳುವುದಕ್ಕೆ ತದ್ವಿರುದ್ಧ. ಬೇರೆಯವರಿಗೆ ಮಲ್ಟಿವಿಟಮಿನ್ ಮಾತ್ರೆಯಿಂದ ತಕ್ಷಣದ ಹಾನಿ ಇಲ್ಲದಿರಬಹುದು. ಆದರೆ ಸುಸ್ತಿಗೆ ಕಾರಣ ಥೈರಾಯ್ಡೋ, ಶುಗರೋ, ಕಿಡ್ನಿಯೋ ಆಗಿದ್ದರೆ ಅದು ಬಯಲಿಗೆ ಬರುವುದು ತಿಂಗಳುಗಟ್ಟಲೆ ತಡವಾಗುತ್ತದೆ. ಮಾತ್ರೆಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಇರುವುದೂ ಹೆಸರಿಗೆ ಮಾತ್ರ. ಅದನ್ನು ನುಂಗಿದ ನೆಮ್ಮದಿಯಲ್ಲಿ ಉಪ್ಪು ಎಂದಿನಂತೆಯೇ ಉಳಿದುಬಿಡುತ್ತದೆ.

ಪರೀಕ್ಷೆ ಮಾಡಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಡುವುದು ಬೇಡ. ಮಾದರಿ ಲ್ಯಾಬ್ ಮುಟ್ಟುವುದು ತಡವಾದರೂ, ರಕ್ತಕಣ ಒಡೆದರೂ ಅಂಕಿ ಸುಳ್ಳಾಗಿ ಏರುತ್ತದೆ. ಆರೋಗ್ಯವಾಗಿರುವವರಲ್ಲಿ ಅನಿರೀಕ್ಷಿತವಾಗಿ ಹೆಚ್ಚು ಬಂದರೆ ಅಂದೇ ಮತ್ತೊಮ್ಮೆ ಮಾಡಿಸಿ. ಬಿ.ಪಿ., ಶುಗರ್, ಹೃದಯದ ಔಷಧ ತೆಗೆದುಕೊಳ್ಳುವ ಹಿರಿಯರಿಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೂರನ್ನೂ ವರ್ಷಕ್ಕೊಮ್ಮೆಯಾದರೂ, ಔಷಧ ಬದಲಾದಾಗ ಕೆಲವೇ ವಾರಗಳಲ್ಲಿ ನೋಡಿಸುವುದು ಒಳ್ಳೆಯದು. ಇವು ಸಾಮಾನ್ಯ ಲ್ಯಾಬ್‌ಗಳಲ್ಲೂ ಆಗುವ ಪರೀಕ್ಷೆಗಳೇ. ವೈದ್ಯರ ಬಳಿ ಹೋಗುವಾಗ ಔಷಧದ ಹೆಸರು ನೆನಪಿನಿಂದ ಹೇಳದೆ ಮಾತ್ರೆಯ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ; ಅಂಗಡಿಯಿಂದ ತಾವಾಗಿ ತಂದ ಗ್ಯಾಸ್ ಮಾತ್ರೆ, ಕ್ಯಾಲ್ಸಿಯಂ, ಆಯುರ್ವೇದದ ಭಸ್ಮ ಏನೇ ಇದ್ದರೂ ಅದರಲ್ಲಿ ಸೇರಲಿ. ಭೇದಿಯಾದಾಗ ಬಣ್ಣದ ಪಾನೀಯದ ಪೆಟ್ಟಿಗೆ ತರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯನ್ನೇ ಕೇಳಿ ತಂದು, ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಪೂರ್ತಿ ಪುಡಿ ಕಲಸಿ. ಆ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಬಿ.ಪಿ. ಮಾತ್ರೆ ನುಂಗುವ ಹಿರಿಯರು ಮನೆಯಲ್ಲಿದ್ದು, ವಾಂತಿಭೇದಿಯ ನಂತರ ಮಾತು ತೊದಲುತ್ತಿದ್ದರೆ, ಮಂಪರಾಗಿದ್ದರೆ, ಎದೆಬಡಿತ ತಪ್ಪುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ ಮತ್ತು ಪೊಟ್ಯಾಸಿಯಂ ನೋಡಿ ಎಂದು ನೀವಾಗಿಯೇ ಕೇಳಿ.